ಅಡ್ಡಹೆಸರು ಮತ್ತು ವಂಶಮೂಲ: ಬಳ್ಳಾರಿ ಸೀಮೆ

ಸ್ವಂತ ಹೆಸರಿನ ಹಿಂದೆಯೋ ಮುಂದೆಯೋ ನಿಂತು ಮನೆತನವನ್ನು ಗುರುತಿಸುವ ಹೆಸರೇ ಅಡ್ಡಹೆಸರು. ಧಾರವಾಡದ ಕಡೆ ಇದಕ್ಕೆ ಅಡ್ಡಹೆಸರು ಎನ್ನುವುದು ರೂಢಿ. ಬಳ್ಳಾರಿಯ ಕಡೆ ಮನೆ ಹೆಸರು, ಮನೆತನದ ಹೆಸರು ಎನ್ನುತ್ತಾರೆ. ಗಡಿಯ ತೆಲುಗರಿಗೆ ಇದು ಇಂಟಿಪೇರು. ಹುಟ್ಟಿದ ಊರು, ಮಾಡುವ ಕಸುಬು, ಹಿಡಿದ ಅಧಿಕಾರ, ನಡೆದುಕೊಳ್ಳುವ ಮಠ, ಮಾರುವ ಸರಕು, ವಾಸದ ಮನೆ ಎಲ್ಲವೂ ಕನ್ನಡಿಗರಿಗೆ ಅಡ್ಡಹೆಸರನ್ನು ಕೊಟ್ಟಿವೆ. ರಕ್ತಸಂಬಂಧದ ಗುರುತನ್ನು ಮಾತ್ರ ಕನ್ನಡ ಸಮಾಜ ಬೇರೆಯೇ ಹೆಸರುಗಳಲ್ಲಿ ಕಾಪಾಡಿಕೊಂಡು ಬಂದಿದೆ. ಅವು ಬೆಡಗು, ಬಳಿ ಮತ್ತು ಗೋತ್ರ. ಈ ಎರಡು ಪದರಗಳು ಒಂದೇ ಎಂದು ತಿಳಿದವರು ಹೆಸರಿನಿಂದ ವಂಶವನ್ನು ಊಹಿಸಿ ದಾರಿ ತಪ್ಪುತ್ತಾರೆ. ಡಿಎನ್‌ಎ ಪರೀಕ್ಷೆ ಸುಲಭವಾದ ಮೇಲಂತೂ ಇವನ್ನು ಬಿಡಿಸಿ ನೋಡುವ ಅಗತ್ಯ ಹೆಚ್ಚಾಗಿದೆ. ಬಳ್ಳಾರಿ ಜಿಲ್ಲೆಯ ಕುರುಗೋಡು ತಾಲ್ಲೂಕಿನ ಬಾದನಹಟ್ಟಿ ಮತ್ತು ಅದರ ಸುತ್ತಲಿನ ಸೀಮೆಯನ್ನು ನಡುವೆ ಇಟ್ಟುಕೊಂಡು ಕನ್ನಡ ಅಡ್ಡಹೆಸರುಗಳ ಹುಟ್ಟು, ಬಗೆ ಮತ್ತು ವಂಶಮೂಲದೊಂದಿಗೆ ಅವುಗಳ ಸಂಬಂಧವನ್ನು ಇಲ್ಲಿ ಸಮೀಕ್ಷಿಸಲಾಗಿದೆ.

ಹೆಸರುಗಳು ಕೂಡುವ ಗಡಿ

ಅಡ್ಡಹೆಸರಿನ ಅಧ್ಯಯನಕ್ಕೆ ಬಳ್ಳಾರಿಯಷ್ಟು ಒಳ್ಳೆಯ ನೆಲ ಕರ್ನಾಟಕದಲ್ಲಿ ಕಡಿಮೆ. ಮೂರು ಬಗೆಯ ಹೆಸರಿಡುವ ಪದ್ಧತಿಗಳು ಇಲ್ಲಿ ಕೂಡುತ್ತವೆ. ಧಾರವಾಡ, ಗದಗ, ಬಾಗಲಕೋಟೆಯ ಕಡೆ ಸ್ವಂತ ಹೆಸರು ಮೊದಲು, ಮನೆತನದ ಹೆಸರು ಕೊನೆಗೆ: ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ. ಹಳೆಯ ಮೈಸೂರಿನಲ್ಲಿ ಊರು ಮತ್ತು ತಂದೆಯ ಹೆಸರು ಮುಂದೆ ಬಂದು ಸ್ವಂತ ಹೆಸರು ಕೊನೆಗೆ ನಿಲ್ಲುತ್ತದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಹೆಸರಿನ ಮೊದಲಕ್ಷರಗಳಿಂದಲೇ ಕುವೆಂಪು ಎಂಬ ಕಾವ್ಯನಾಮ ಬಂತು. ತೆಲುಗು ನಾಡಿನಲ್ಲಿ ಇಂಟಿಪೇರು ಸದಾ ಮುಂದೆ ಇರುತ್ತದೆ.

ಬಳ್ಳಾರಿಯ ಕಲಾವಿದರ ಹೆಸರುಗಳನ್ನೇ ಸಾಲಾಗಿ ಇಟ್ಟರೆ ಈ ಗಡಿ ಕಣ್ಣಿಗೆ ಕಾಣುತ್ತದೆ. ಗಮಕಿ, ರಂಗಕರ್ಮಿ ಜೋಳದರಾಶಿ ದೊಡ್ಡನಗೌಡ, ತೊಗಲುಗೊಂಬೆಯ ಬೆಳಗಲ್ಲು ವೀರಣ್ಣ, ಬುರ್ರಕಥೆಯ ದರೋಜಿ ಈರಮ್ಮ, ಈ ಮೂವರಲ್ಲೂ ಊರು ಮೊದಲು, ವ್ಯಕ್ತಿ ಆಮೇಲೆ. ಅದೇ ಬಳ್ಳಾರಿಯ ರಂಗನಟಿ ಸುಭದ್ರಮ್ಮ ಮನ್ಸೂರು ಅವರ ಹೆಸರಲ್ಲಿ ಧಾರವಾಡದ ಕಡೆಯ ಹಾಗೆ ಊರು ಕೊನೆಗೆ ಬಂತು. ಬಳ್ಳಾರಿ ರಾಘವ ಎಂದು ನಾಡೆಲ್ಲ ಹೆಸರಾದ ನಟ 1880ರಲ್ಲಿ ತಾಡಪತ್ರಿಯಲ್ಲಿ ಹುಟ್ಟಿದವರು. ದಾಖಲೆಯಲ್ಲಿ ಅವರು ತಾಡಪತ್ರಿ ರಾಘವಾಚಾರ್ಯರು, ಜನರ ಬಾಯಲ್ಲಿ ಬಳ್ಳಾರಿ ರಾಘವ. ಒಬ್ಬನೇ ಮನುಷ್ಯನಿಗೆ ಎರಡು ಊರು ಅಂಟಿಕೊಂಡವು. ಒಂದು ಹಿಂದಿನಿಂದ ಬಂದದ್ದು, ಇನ್ನೊಂದು ಬಾಳಿ ಗಳಿಸಿದ್ದು.

ಚರಿತ್ರೆಯೂ ಈ ಬೆರಕೆಗೆ ಕಾರಣ. 1800ರಲ್ಲಿ ಹೈದರಾಬಾದಿನ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂದು ಕರೆಸಿಕೊಂಡ ಈ ಪ್ರದೇಶಕ್ಕೆ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು ರೈತವಾರಿ ಪದ್ಧತಿಗೆ ತಳಹದಿ ಹಾಕಿದ. ಹೊಲದ ಲೆಕ್ಕ ಒಬ್ಬೊಬ್ಬ ರೈತನ ಹೆಸರಿನಲ್ಲಿ ದಾಖಲೆಗೆ ಏರಿತು. ಅದನ್ನು ಬರೆಯುವ ಕರಣಂ ಮದ್ರಾಸ್ ಆಡಳಿತದ ರೀತಿಗೆ ಒಗ್ಗಿದವನು. ಅದೇ ಕಾಲಕ್ಕೆ ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದು ಅಲ್ಲಿ ಮರಾಠಿ ಮಾದರಿಯ ಅಡ್ಡಹೆಸರು ಕಚೇರಿ, ಶಾಲೆಗಳಲ್ಲಿ ಗಟ್ಟಿಯಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರದಲ್ಲೇ ಉಳಿದವು. ಬೀಗರು ಮಾತ್ರ ಎರಡೂ ಕಡೆ ಉಳಿದರು, ಅವರೊಂದಿಗೆ ಎರಡೂ ಬಗೆಯ ಹೆಸರುಗಳೂ ಉಳಿದವು. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಸಿರುಗುಪ್ಪ, ಗಂಗಾವತಿ, ಸಿಂಧನೂರು ಕಡೆ ನೆಲೆಸಿದರು. ‘ಕ್ಯಾಂಪ್’ ಎಂದು ಕರೆಯುವ ಆ ಊರುಗಳ ಹಾಜರಿ ಪುಸ್ತಕಗಳಲ್ಲಿ ಕೃಷ್ಣಾ, ಗೋದಾವರಿ ಬಯಲಿನ ಇಂಟಿಪೇರುಗಳು ಮೊದಲಕ್ಷರಗಳಾಗಿ ಕುಳಿತಿವೆ.

ಊರಿನಿಂದ ಬಂದ ಹೆಸರು

ಕನ್ನಡ ಅಡ್ಡಹೆಸರುಗಳಲ್ಲಿ ಬಹು ದೊಡ್ಡ ಪಾಲು ಊರ ಹೆಸರುಗಳದು. ವಿ.ಕೃ. ಗೋಕಾಕ, ಎಂ.ಎಂ. ಕಲಬುರ್ಗಿ, ಗಿರೀಶ ಕಾರ್ನಾಡ ಈ ಬಗೆಗೆ ಎಲ್ಲರಿಗೂ ಗೊತ್ತಿರುವ ಉದಾಹರಣೆಗಳು. ಈ ಬಗೆಯ ಹೆಸರಿನಲ್ಲಿ ಒಂದು ಮರ್ಮವಿದೆ. ಊರಲ್ಲೇ ಇರುವವನಿಗೆ ಊರ ಹೆಸರು ಅಂಟುವುದಿಲ್ಲ. ಬಾದನಹಟ್ಟಿಯಲ್ಲಿ ಎಲ್ಲರೂ ಬಾದನಹಟ್ಟಿಯವರೇ ಆದ್ದರಿಂದ ಅಲ್ಲಿ ಆ ಹೆಸರಿನಿಂದ ಯಾರನ್ನೂ ಬೇರ್ಪಡಿಸಲು ಬರುವುದಿಲ್ಲ. ಒಂದು ಕುಟುಂಬ ಊರು ಬಿಟ್ಟು ಬಳ್ಳಾರಿಗೋ ಹುಬ್ಬಳ್ಳಿಗೋ ಹೋಗಿ ನೆಲೆಸಿದಾಗಲೇ ನೆರೆಯವರು ಅವರನ್ನು ‘ಬಾದನಹಟ್ಟಿಯವರು’ ಎನ್ನತೊಡಗುತ್ತಾರೆ. ಹಾಗಾಗಿ ಊರಿನ ಅಡ್ಡಹೆಸರು ಬಿಟ್ಟುಬಂದ ಊರಿನ ಗುರುತು, ಒಂದು ವಲಸೆಯ ದಾಖಲೆ. ಒಂದೇ ಊರಿನಿಂದ ಬೇರೆ ಬೇರೆ ಜಾತಿಯ, ಬೇರೆ ಬೇರೆ ಕಾಲದ ಕುಟುಂಬಗಳು ಹೊರಟಿರುತ್ತವೆ. ಅವರೆಲ್ಲರಿಗೂ ಅದೇ ಹೆಸರು ಸಲ್ಲುತ್ತದೆ.

ಬಾದನಹಟ್ಟಿ ಎಂಬ ಹೆಸರಿನ ಉತ್ತರಪದವಾದ ‘ಹಟ್ಟಿ’ ಈ ಸೀಮೆಯ ಹಳೆಯ ಬದುಕಿಗೆ ಕೈಮರ. ಹಟ್ಟಿ ಎಂದರೆ ದನ, ಕುರಿ ಕೂಡಿಹಾಕುವ ದೊಡ್ಡಿ. ಅದರ ಸುತ್ತ ಬೆಳೆದ ಪುಟ್ಟ ಊರೂ ಹಟ್ಟಿಯೇ. ಹಳಗನ್ನಡದ ಪಕಾರ ನಡುಗನ್ನಡದ ಹೊತ್ತಿಗೆ ಹಕಾರವಾಯಿತು, ಪಾಲು ಹಾಲಾಯಿತು. ಹಾಗೆಯೇ ತಮಿಳಿನ ‘ಪಟ್ಟಿ’ ಮತ್ತು ನಮ್ಮ ‘ಹಟ್ಟಿ’ ಒಂದೇ ಬೇರಿನವು. ಚಿತ್ರದುರ್ಗದ ಗೊಲ್ಲರಹಟ್ಟಿಗಳು, ಗದಗ ಜಿಲ್ಲೆಯ ಶಿರಹಟ್ಟಿ ಇದೇ ಬಳಗಕ್ಕೆ ಸೇರುತ್ತವೆ. ಸಂಶೋಧಕ ಶಂ.ಬಾ. ಜೋಶಿ ಅವರು ಹಟ್ಟಿಕಾರರೆಂಬ ಪಶುಪಾಲಕ ಜನರನ್ನು ಕನ್ನಡ ಸಂಸ್ಕೃತಿಯ ಮೂಲದಲ್ಲಿ ಕಂಡವರು. ಕುರುಬರ ಪರಂಪರೆಯಾದ ಹಾಲುಮತದ ಬಗ್ಗೆಯೂ ಅವರು ವಿಸ್ತಾರವಾಗಿ ಬರೆದಿದ್ದಾರೆ.

ಬಳ್ಳಾರಿಯ ಮಣ್ಣಿನಲ್ಲಿ ದನದ ದೊಡ್ಡಿಯ ಗುರುತು ಇನ್ನೂ ಹಿಂದಕ್ಕೆ ಹೋಗುತ್ತದೆ. ಕುಡತಿನಿಯ ಬೂದಿಗುಡ್ಡ, ಸಂಗನಕಲ್ಲು ಮತ್ತು ಕುಪ್ಪಗಲ್ಲಿನ ನೆಲೆಗಳು ನವಶಿಲಾಯುಗದ ಪಶುಪಾಲಕರವು. ರಾಶಿ ರಾಶಿ ಸಗಣಿ ಮತ್ತೆ ಮತ್ತೆ ಸುಟ್ಟು ಗಟ್ಟಿಯಾಗಿ ಈ ಬೂದಿಗುಡ್ಡಗಳಾದವು. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1960ರ ದಶಕದಲ್ಲಿ ಪುರಾತತ್ವಜ್ಞ ಎಂ.ಎಸ್. ನಾಗರಾಜರಾವ್ ಮತ್ತು ಮಾನವಶಾಸ್ತ್ರಜ್ಞ ಕೆ.ಸಿ. ಮಲ್ಹೋತ್ರ ಉತ್ಖನನ ನಡೆಸಿ ಬೆಟ್ಟದ ಮೇಲಿನ ಮನೆಗಳ ನೆಲಗಟ್ಟುಗಳನ್ನೂ ಸಮಾಧಿಗಳನ್ನೂ ಬೆಳಕಿಗೆ ತಂದರು. 1965ರಲ್ಲಿ ಅವರ ವರದಿ ಪುಸ್ತಕವಾಗಿ ಬಂತು. ಮಲ್ಹೋತ್ರರು ಮುಂದೆ ಮಹಾರಾಷ್ಟ್ರದ ಧನಗರ ಕುರಿಗಾಹಿಗಳ ಉಪಪಂಗಡಗಳ ಮೇಲೆ ವಂಶವಾಹಿ ಅಧ್ಯಯನ ನಡೆಸಿದರು. ನೆಲ ಅಗೆದು ಹಿಂದಿನವರನ್ನು ಹುಡುಕುವವರೂ ಮುಂದೆ ರಕ್ತ ಪರೀಕ್ಷಿಸಿ ಹುಡುಕಲಿದ್ದವರೂ ಹೀಗೆ ಬಳ್ಳಾರಿಯ ಒಂದೇ ಬೆಟ್ಟದ ಮೇಲೆ ಜೊತೆಯಾಗಿ ಕೆಲಸ ಮಾಡಿದರು.

ಕಸುಬು, ಅಧಿಕಾರ, ಸರಕು, ಮಠ

ಕಸುಬಿನ ಹೆಸರುಗಳು ಯಾವ ವಿವರಣೆಯನ್ನೂ ಬೇಡುವುದಿಲ್ಲ: ಬಡಿಗೇರ, ಕಮ್ಮಾರ, ಕುಂಬಾರ, ಪತ್ತಾರ, ಗಾಣಿಗೇರ, ಮಡಿವಾಳರ, ಹಡಪದ. ಹತ್ತಿ ಹಿಂಜುವವರು ಪಿಂಜಾರ, ನದಾಫ್ ಆದರು. ಅತ್ತರು ಮಾರುವವರು ಅತ್ತಾರ ಆದರು. ಕವಿ ಚಂದ್ರಶೇಖರ ಕಂಬಾರರ ಅಡ್ಡಹೆಸರಿನಲ್ಲಿ ಕುಲುಮೆಯ ಸದ್ದಿದೆ.

ಅಧಿಕಾರದ ಹೆಸರುಗಳು ಶಾಸನಗಳಿಂದ ಇಳಿದು ಬಂದಿವೆ. ಶಾಸನಗಳ ಗಾವುಂಡ ಇಂದಿನ ಗೌಡ, ಪೆರ್ಗಡೆ ಹೆಗ್ಗಡೆಯಾಯಿತು, ಸೇನಬೋವ ಶಾನುಭೋಗನಾದ, ತಳಾರ ತಳವಾರನಾದ. ಸುಲ್ತಾನರ ಮತ್ತು ಮರಾಠರ ಆಡಳಿತ ದೇಸಾಯಿ, ದೇಶಪಾಂಡೆ, ಕುಲಕರ್ಣಿ, ಪಾಟೀಲ, ಜಮಾದಾರ, ಕಿಲ್ಲೇದಾರರನ್ನು ಸೇರಿಸಿತು. ಮೈಸೂರು ರಾಜ್ಯ 1961ರಲ್ಲಿ ಗ್ರಾಮಾಧಿಕಾರ ರದ್ದತಿ ಕಾಯಿದೆ ತಂದು ವಂಶಪಾರಂಪರ್ಯದ ಈ ಹುದ್ದೆಗಳನ್ನು ಕೊನೆಗಾಣಿಸಿತು. ಹುದ್ದೆ ಹೋಯಿತು, ಹೆಸರು ಉಳಿಯಿತು.

ಸರಕಿನ ಹೆಸರುಗಳು ಉತ್ತರ ಕರ್ನಾಟಕದ ಸಂತೆಯನ್ನೇ ಕಣ್ಣ ಮುಂದೆ ತರುತ್ತವೆ: ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಕ್ಕಿ, ಉಪ್ಪಿನ, ಎಣ್ಣಿ, ಅಂಗಡಿ. ಮನೆಯ ಕಟ್ಟಡವೂ ಹೆಸರಾಗುತ್ತದೆ: ದೊಡಮನಿ, ಹೊಸಮನಿ, ಕಟ್ಟೀಮನಿ. ಜಂಗಮ ಕುಟುಂಬಗಳು ತಮ್ಮ ಮಠದ ಹೆಸರು ಹೊತ್ತಿವೆ: ಹಿರೇಮಠ, ಸಾಲಿಮಠ, ಚರಂತಿಮಠ, ಶಿರಹಟ್ಟಿಮಠ.

ಈ ಯಾವ ಹೆಸರೂ ಒಬ್ಬನೇ ಮೂಲಪುರುಷನಿಂದ ಬಂದದ್ದಲ್ಲ. ಊರಿಗೊಬ್ಬ ಬಡಿಗ ಇದ್ದ, ಊರಿಗೊಬ್ಬ ಗೌಡ ಇದ್ದ. ಗೌಡ ಎಂಬ ಹೆಸರು ದಕ್ಷಿಣದಲ್ಲಿ ಒಕ್ಕಲಿಗರದು. ಬಳ್ಳಾರಿ, ಧಾರವಾಡದ ಕಡೆ ಲಿಂಗಾಯತರಲ್ಲೂ ಇತರ ಸಮುದಾಯಗಳಲ್ಲೂ ಅದು ಊರ ಮುಖಂಡನ ಬಿರುದು. ಇಬ್ಬರು ಗೌಡರು ಎದುರಾದರೆ ಅವರ ಹೆಸರಿನಿಂದ ತಿಳಿಯುವುದು ಹಿಂದೆ ಎರಡು ಊರುಗಳಿದ್ದವು, ಎರಡು ಚಾವಡಿಗಳಿದ್ದವು ಎಂಬುದಷ್ಟೇ.

ದೇವರು ಬರೆದ ನಕ್ಷೆ

ಬಳ್ಳಾರಿಯಲ್ಲಿ ಅಡ್ಡಹೆಸರಿಗಿಂತ ಸ್ವಂತ ಹೆಸರೇ ಒಮ್ಮೊಮ್ಮೆ ನೆಲೆಯನ್ನು ಖಚಿತವಾಗಿ ತೋರಿಸುತ್ತದೆ. ದೊಡ್ಡಬಸಪ್ಪ ಎಂಬ ಹೆಸರು ಕೇಳಿದರೆ ಕುರುಗೋಡಿನ ದೊಡ್ಡಬಸವೇಶ್ವರ ನೆನಪಾಗುತ್ತಾನೆ. ಎರ್ರಿಸ್ವಾಮಿ, ಎರ್ರೆಮ್ಮ ಎಂದರೆ ಚೇಳ್ಳಗುರ್ಕಿಯ ಎರ್ರಿತಾತನ ಭಕ್ತರ ಮನೆ. ಗಾದಿಲಿಂಗಪ್ಪ ಎಂದರೆ ಗಡಿಯಾಚೆಯ ಗುಳ್ಯದ ಗಾದಿಲಿಂಗೇಶ್ವರ. ಪಂಪಾಪತಿ ಹಂಪಿಗೆ, ಹುಲುಗಪ್ಪ ಹುಲಿಗೆಮ್ಮನ ಹುಲಿಗಿಗೆ, ಉರುಕುಂದಪ್ಪ ಉರುಕುಂದಿ ಈರಣ್ಣನಿಗೆ, ದುರುಗಪ್ಪ ದುರುಗಮ್ಮನಿಗೆ ಸೇರಿದವರು. ಹರಕೆ ಹೊತ್ತು ಪಡೆದ ಮಗುವಿಗೆ ಆ ದೇವರ ಹೆಸರಿಡುವುದು ಇಲ್ಲಿನ ನಡವಳಿಕೆ. ಬೆಂಗಳೂರಿನ ಕಚೇರಿಯೊಂದರಲ್ಲಿ ಗಾದಿಲಿಂಗಪ್ಪ ಎಂಬ ಹೆಸರು ಓದಿದ ಬಳ್ಳಾರಿಯವನಿಗೆ ‘ನಮ್ಮ ಕಡೆಯವನು’ ಎಂದು ತಕ್ಷಣ ಗೊತ್ತಾಗುತ್ತದೆ. ಅಡ್ಡಹೆಸರನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ.

ಬೆಡಗು, ಬಳಿ, ಗೋತ್ರ

ಮದುವೆಯ ಮಾತು ಶುರುವಾದಾಗ ಹಿರಿಯರು ಕೇಳುವ ಮೊದಲ ಪ್ರಶ್ನೆ ‘ನಿಮ್ಮ ಬೆಡಗು ಯಾವುದು?’ ಎಂದು. ಅಡ್ಡಹೆಸರು ಒಂದೇ ಆಗಿದ್ದರೂ ಬೆಡಗು ಬೇರೆಯಿದ್ದರೆ ಸಂಬಂಧ ಕೂಡಿಬರುತ್ತದೆ. ಅಡ್ಡಹೆಸರು ಬೇರೆಯಿದ್ದರೂ ಬೆಡಗು ಒಂದೇ ಆದರೆ ಗಂಡು ಹೆಣ್ಣು ಅಣ್ಣತಂಗಿಯರಾಗುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಕನ್ನಡ ಸಮಾಜದಲ್ಲಿ ವಂಶದ ಲೆಕ್ಕ ಬೆಡಗಿನಲ್ಲಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಕುರುಬರಲ್ಲಿ ಹತ್ತಿಕಂಕಣ, ಉಣ್ಣೆಕಂಕಣ ಎಂಬ ದೊಡ್ಡ ಒಡಕುಗಳಿವೆ. ಮದುವೆಯಲ್ಲಿ ಕಟ್ಟುವ ಕಂಕಣದ ದಾರ ಹತ್ತಿಯದೋ ಉಣ್ಣೆಯದೋ ಎಂಬುದರ ಮೇಲೆ ಇವು ನಿಂತಿವೆ. ಅವುಗಳ ಒಳಗೆ ಆನೆ, ಅರಿಸಿನ, ಬನ್ನಿ, ಬಂಡಿ ಮೊದಲಾದ ಬೆಡಗುಗಳು. ಗಿಡದ ಹೆಸರಿನ ಬೆಡಗಿನವರು ಆ ಗಿಡವನ್ನು ಕಡಿಯದೆ ಗೌರವಿಸುವ ರೂಢಿಯಿದೆ. ಬಳ್ಳಾರಿ ಸೀಮೆಯ ದೊಡ್ಡ ಸಮುದಾಯವಾದ ಬೇಡ ನಾಯಕರಲ್ಲಿ ಊರುಬೇಡರು, ಮ್ಯಾಸಬೇಡರು ಎಂಬ ವಿಭಾಗಗಳೂ ಅವುಗಳೊಳಗೆ ಬೆಡಗುಗಳೂ ಇವೆ. ವೀರಶೈವ ಜಂಗಮರು ಪಂಚಪೀಠಗಳಿಗೆ ಹೊಂದಿದ ವೀರ, ನಂದಿ, ಭೃಂಗಿ, ವೃಷಭ, ಸ್ಕಂದ ಎಂಬ ಐದು ಗೋತ್ರಗಳನ್ನು ಹೇಳುತ್ತಾರೆ. ಆ ಪೀಠಗಳಲ್ಲಿ ಒಂದಾದ ಉಜ್ಜಿನಿ ಹಿಂದೆ ಬಳ್ಳಾರಿ ಜಿಲ್ಲೆಗೇ ಸೇರಿತ್ತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಆರ್ಯವೈಶ್ಯರು 102 ಗೋತ್ರಗಳನ್ನು ಎಣಿಸುತ್ತಾರೆ.

ಬಳ್ಳಾರಿಯ ಬೆಡಗು ತಂದೆಯಿಂದ ಮಕ್ಕಳಿಗೆ ಇಳಿಯುತ್ತದೆ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಬಳಿ ಇಳಿಯುವುದು ತಾಯಿಯಿಂದ. ಒಂದೇ ರಾಜ್ಯದೊಳಗೆ ವಂಶವನ್ನು ಎಣಿಸುವ ಎರಡು ವಿರುದ್ಧ ದಾರಿಗಳಿವೆ ಎಂಬುದು ಮುಂದೆ ಡಿಎನ್‌ಎ ವಿಷಯಕ್ಕೆ ಬಂದಾಗ ಮುಖ್ಯವಾಗುತ್ತದೆ.

ಹೆಳವರು

ಈ ಲೆಕ್ಕವನ್ನು ಬರೆದಿಡುವ ವೃತ್ತಿಯವರೇ ಉತ್ತರ ಕರ್ನಾಟಕದಲ್ಲಿದ್ದಾರೆ. ಅವರು ಹೆಳವರು. ಸುಗ್ಗಿ ಮುಗಿದು ಕಣದ ಕಾಳು ಮನೆ ಸೇರಿದ ಮೇಲೆ ಹೆಳವ ಊರಿಗೆ ಬರುತ್ತಾನೆ. ಎತ್ತಿನ ಮೇಲೆ ಕಂಬಳಿ ಹೊದ್ದು ಕುಳಿತು ಬಂದು, ಮನೆ ಮುಂದೆ ನಿಂತು, ಆ ಮನೆಯ ಹಿರಿಯರ ಹೆಸರುಗಳನ್ನು ಒಂದೊಂದಾಗಿ ಕರೆಯುತ್ತಾನೆ. ಮೂಲ ಊರು ಯಾವುದು, ಬೆಡಗು ಯಾವುದು, ಮನೆದೇವರು ಯಾರು, ಯಾವ ತಲೆಮಾರಿನಲ್ಲಿ ಯಾರು ಊರು ಬಿಟ್ಟರು, ಅಣ್ಣತಮ್ಮಂದಿರು ಎಲ್ಲಿ ಚದುರಿದರು, ಎಲ್ಲವೂ ಆ ಸಾಲಿನಲ್ಲಿ ಬರುತ್ತದೆ. ಮನೆಯವರು ಕಟ್ಟೆಗೆ ಬಂದು ಕೂರುತ್ತಾರೆ. ತಮ್ಮ ಮುತ್ತಜ್ಜನ ಹೆಸರು ಅಪರಿಚಿತನೊಬ್ಬನ ಬಾಯಲ್ಲಿ ಕೇಳಿದ ಮಕ್ಕಳು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾರೆ. ಹಿಂದಿನ ಬಾರಿಯಿಂದ ಈಚೆಗೆ ಹುಟ್ಟಿದವರ ಹೆಸರನ್ನು ಹೆಳವ ತನ್ನ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾನೆ. ಕಾಳು, ಬಟ್ಟೆ, ಕಾಣಿಕೆ ಪಡೆದು ಮುಂದಿನ ಮನೆಗೆ ಹೋಗುತ್ತಾನೆ.

ಯುರೋಪಿನಲ್ಲಿ ಚರ್ಚಿನ ದೀಕ್ಷಾಸ್ನಾನದ ದಾಖಲೆಗಳು ಮಾಡಿದ ಕೆಲಸವನ್ನು ಇಲ್ಲಿ ಹೆಳವರು ಮಾಡಿದ್ದಾರೆ. ಆದರೆ ಅವರ ಪುಸ್ತಕದಲ್ಲಿರುವುದು ಹೆಚ್ಚಾಗಿ ಗಂಡುಸಂತಾನದ ಸಾಲು. ಮನೆಗೆ ಬಂದ ಸೊಸೆಯ ತವರು, ಹೊರಗೆ ಹೋದ ಮಗಳ ಸಂತಾನ ಆ ಸಾಲಿನಿಂದ ಜಾರಿಹೋಗುತ್ತವೆ.

ಜರ್ಮನ್ ಅಡ್ಡಹೆಸರಿನೊಂದಿಗೆ ಹೋಲಿಕೆ

ಜರ್ಮನ್ ನಾಡಿನ ಅಡ್ಡಹೆಸರುಗಳಿಗೂ ಕನ್ನಡದವಕ್ಕೂ ಇರುವ ಹೋಲಿಕೆ ಆಶ್ಚರ್ಯ ತರುವಷ್ಟಿದೆ. ಅಲ್ಲಿ ಸುಮಾರು 12ನೇ ಶತಮಾನದಿಂದ ಪಟ್ಟಣಗಳಲ್ಲಿ ಅಡ್ಡಹೆಸರು ರೂಢಿಗೆ ಬಂತು. ಶ್ಮಿಟ್ ಎಂದರೆ ಕಮ್ಮಾರ, ತ್ಸಿಮರ್‌ಮನ್ ಎಂದರೆ ಬಡಿಗೇರ, ವೇಬರ್ ಎಂದರೆ ನೇಕಾರ, ಮ್ಯುಲರ್ ಎಂದರೆ ಗಿರಣಿಯವನು. ಬಾಂಬೆರ್ಗರ್ ಎಂದರೆ ಬಾಂಬೆರ್ಗ್ ಊರಿನಿಂದ ಬಂದವನು. 1876ರಲ್ಲಿ ಇಡೀ ಜರ್ಮನಿಗೆ ನಾಗರಿಕ ನೋಂದಣಿ ಬಂದ ಮೇಲೆ ಹೆಸರಿನ ಕಾಗುಣಿತವೂ ಗಟ್ಟಿಯಾಯಿತು.

ಕನ್ನಡಿಗರಿಗೆ ಅತ್ಯಂತ ಆಪ್ತವಾದ ಜರ್ಮನ್ ಅಡ್ಡಹೆಸರು ಕಿಟೆಲ್. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಕನ್ನಡ ನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟೆಲ್ 1832ರಲ್ಲಿ ಪೂರ್ವ ಫ್ರೀಸ್‌ಲ್ಯಾಂಡಿನ ರೆಸ್ಟರ್‌ಹಾಫೆಯಲ್ಲಿ ಹುಟ್ಟಿದರು. ಜರ್ಮನ್ ಭಾಷೆಯಲ್ಲಿ ಕಿಟೆಲ್ ಎಂದರೆ ಕೆಲಸದ ವೇಳೆ ತೊಡುವ ದೊಗಲೆ ಮೇಲಂಗಿ. ಅಂಥ ಅಂಗಿ ಹೊಲಿಯುವವನಿಗೋ ತೊಡುವವನಿಗೋ ಆ ಹೆಸರು ಬಂದಿರಬೇಕು. ನಮ್ಮ ಕಡೆ ಇದಕ್ಕೆ ಸರಿಸಾಟಿ ಕಂಬಳಿ ಎಂಬ ಅಡ್ಡಹೆಸರು. ಮುಂಬೈ ಪ್ರಾಂತ್ಯದ ಮಂತ್ರಿಯಾಗಿದ್ದ ಸರ್ ಸಿದ್ದಪ್ಪ ಕಂಬಳಿ ಅದನ್ನು ನಾಡಿಗೆಲ್ಲ ಪರಿಚಯಿಸಿದರು. ಇನ್ನೊಂದು ಸಂಗತಿಯೂ ಗಮನಾರ್ಹ. ಕಿಟೆಲ್ ಹುಟ್ಟಿದ ಪೂರ್ವ ಫ್ರೀಸ್‌ಲ್ಯಾಂಡಿನ ಜನ ಬಹುಕಾಲ ತಂದೆಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿಕೊಳ್ಳುತ್ತಿದ್ದರು, ತಲೆಮಾರಿಗೊಮ್ಮೆ ಹೆಸರು ಬದಲಾಗುತ್ತಿತ್ತು. 1811ರಲ್ಲಿ ನೆಪೋಲಿಯನ್ ಆಡಳಿತ ಅಲ್ಲಿ ಸ್ಥಿರವಾದ ಅಡ್ಡಹೆಸರನ್ನು ಕಡ್ಡಾಯ ಮಾಡಿತು. ಮೈಸೂರು, ಬಳ್ಳಾರಿಯ ಕಡೆ ತಂದೆಯ ಹೆಸರಿನ ಮೊದಲಕ್ಷರ ಹಾಕಿಕೊಳ್ಳುವ ಪದ್ಧತಿ ಇದೇ ಜಾಯಮಾನದ್ದು.

 

ವಂಶವಾಹಿಗಳ ಸಾಕ್ಷ್ಯ

ಡಿಎನ್‌ಎಯಲ್ಲಿ ಎರಡು ಭಾಗಗಳು ಬೆರಕೆಯಿಲ್ಲದೆ ಒಂದೇ ದಾರಿಯಲ್ಲಿ ಇಳಿಯುತ್ತವೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ, ಬಳ್ಳಾರಿಯ ಬೆಡಗಿನ ಹಾಗೆ. ಮೈಟೋಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಅದನ್ನು ಮುಂದಕ್ಕೆ ಒಯ್ಯುವವರು ಹೆಣ್ಣುಮಕ್ಕಳು ಮಾತ್ರ, ತುಳುನಾಡಿನ ಬಳಿಯ ಹಾಗೆ. ಉಳಿದದ್ದೆಲ್ಲ ತಲೆಮಾರು ತಲೆಮಾರಿಗೂ ಕಲೆಸಿ ಹಂಚಿಕೆಯಾಗುತ್ತದೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬೊಬ್ಬರಿಗೂ 1,024 ಪೂರ್ವಜರ ಸ್ಥಾನಗಳಿರುತ್ತವೆ. ಅಡ್ಡಹೆಸರು ಕೊಟ್ಟವನು ಅವರಲ್ಲಿ ಒಬ್ಬ.

ಬ್ರಿಟನ್ನಿನಲ್ಲಿ ಬ್ರಯನ್ ಸೈಕ್ಸ್ ಮತ್ತು ಸಂಗಡಿಗರು 2000ದಲ್ಲಿ ಸೈಕ್ಸ್ ಎಂಬ ಅಡ್ಡಹೆಸರಿನ 48 ಗಂಡಸರನ್ನು ಪರೀಕ್ಷಿಸಿದಾಗ ಶೇ. 43.8ರಷ್ಟು ಜನರಲ್ಲಿ ಒಂದೇ ಬಗೆಯ ವೈ ವರ್ಣತಂತು ಸಿಕ್ಕಿತು. 2009ರಲ್ಲಿ ಟ್ಯುರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 40 ಅಡ್ಡಹೆಸರುಗಳ 1,678 ಗಂಡಸರನ್ನು ನೋಡಿದರು. ಅಪರೂಪದ ಹೆಸರಿನವರು ಒಬ್ಬಿಬ್ಬರು ಮೂಲಪುರುಷರಿಗೆ ಹೋಗಿ ಸೇರಿದರು. ಸ್ಮಿತ್‌ನಂಥ ಸಾಮಾನ್ಯ ಹೆಸರಿನವರಲ್ಲಿ ಅಂಥ ಒಗ್ಗಟ್ಟು ಕಾಣಲಿಲ್ಲ. ಸ್ಮಿತ್ ಎಂದರೂ ಕಮ್ಮಾರನೇ. ಬಡಿಗೇರ, ಗೌಡ, ಪಾಟೀಲರ ವಿಷಯದಲ್ಲಿ ಬೇರೆ ಫಲವನ್ನು ಎದುರುನೋಡಲು ಕಾರಣವಿಲ್ಲ.

ಹೆಸರು ಮತ್ತು ರಕ್ತ ಎಷ್ಟು ದೂರ ಹೋಗಬಲ್ಲವು ಎಂಬುದಕ್ಕೆ ಕರ್ನಾಟಕದ ಕರಾವಳಿಯಲ್ಲೇ ಉತ್ತರವಿದೆ. ಗೋವಾ, ಕುಮಟಾ, ಮಂಗಳೂರಿನ ರೋಮನ್ ಕ್ಯಾಥೊಲಿಕರು ಡಿಸೋಜ, ಪಿಂಟೊ, ಲೋಬೊ ಮೊದಲಾದ ಪೋರ್ಚುಗೀಸ್ ಅಡ್ಡಹೆಸರುಗಳನ್ನು ಹೊತ್ತವರು. ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಕುಮಾರಸಾಮಿ ತಂಗರಾಜ್ ಮತ್ತು ಸಂಗಡಿಗರು ಈ ಸಮುದಾಯದ 110 ಜನರ ಡಿಎನ್‌ಎ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರ ಹತ್ತಿರದ ನಂಟು ಗೌಡ ಸಾರಸ್ವತರೊಂದಿಗೆ ಎಂದು ಕಂಡುಬಂತು. ಹೆಸರು ಬಂದದ್ದು ದೀಕ್ಷಾಸ್ನಾನ ಕೊಟ್ಟವರಿಂದ, ವಂಶ ಕೊಂಕಣದ್ದೇ. ಉತ್ತರ ಕನ್ನಡದ ಸಿದ್ದಿಯರದು ಇದಕ್ಕೆ ತಿರುಗುಮುರುಗು. ಹಿಂದೂ, ಮುಸ್ಲಿಂ, ಕ್ರೈಸ್ತ ಹೆಸರುಗಳಲ್ಲಿ ಅವರು ಸುತ್ತಲಿನವರೊಂದಿಗೆ ಬೆರೆತಿದ್ದಾರೆ. 2011ರ ವಂಶವಾಹಿ ಅಧ್ಯಯನವೋ ಆಫ್ರಿಕದ ಬಂಟು ಭಾಷಿಕರೊಂದಿಗೆ ಅವರ ನಂಟನ್ನು ಸ್ಪಷ್ಟವಾಗಿ ತೋರಿಸಿತು.

ಇನ್ನೂ ಹಿಂದಿನ ಕಾಲಕ್ಕೆ ಹೋದರೆ ಎಲ್ಲರ ಕಥೆಯೂ ಬೆರಕೆಯದೇ. ಡೇವಿಡ್ ರೈಕ್, ತಂಗರಾಜ್, ಲಾಲ್‌ಜಿ ಸಿಂಗ್ ಮೊದಲಾದವರು 2009ರಲ್ಲಿ 25 ಭಾರತೀಯ ಸಮುದಾಯಗಳ 132 ಜನರನ್ನು ಪರೀಕ್ಷಿಸಿ, ಬಹುತೇಕ ಭಾರತೀಯರು ಎರಡು ಪ್ರಾಚೀನ ಜನಸಮೂಹಗಳ ಬೆರಕೆ ಎಂದು ತೋರಿಸಿದರು. ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಅವಧಿಯಲ್ಲಿ ಈ ಬೆರಕೆ ಜೋರಾಗಿತ್ತು, ಆಮೇಲೆ ಸಮುದಾಯದೊಳಗೇ ಮದುವೆಯಾಗುವ ಕಟ್ಟು ಬಲವಾಯಿತು ಎಂದು 2013ರ ಮುಂದುವರಿದ ಅಧ್ಯಯನ ಹೇಳಿತು. ಬಾದನಹಟ್ಟಿಯಲ್ಲಿ ಇಂದು ಬೇರೆ ಬೇರೆ ಓಣಿಗಳಲ್ಲಿ ಇರುವವರ ದೂರದ ಪೂರ್ವಜರು ಒಂದು ಕಾಲಕ್ಕೆ ಒಂದೇ ಹಂದರದಡಿ ಕೂಡಿದವರು ಎಂಬುದು ಇದರ ತಾತ್ಪರ್ಯ.

ಹೆಸರು ಮತ್ತು ರಕ್ತ ಕವಲೊಡೆಯುವ ಬಗೆ

ತಂದೆಯ ಸಾಲಿನಲ್ಲಿ ಬಂದ ಹೆಸರಿಗೂ ವೈ ವರ್ಣತಂತುವಿಗೂ ನಡುವೆ ಕೊಂಡಿ ಕಳಚಲು ಈ ಸೀಮೆಯಲ್ಲಿ ರೂಢಿ ಒಪ್ಪಿದ ಅನೇಕ ದಾರಿಗಳಿದ್ದವು. ಮಕ್ಕಳಿಲ್ಲದ ಮನೆ ದತ್ತು ತೆಗೆದುಕೊಳ್ಳುತ್ತಿತ್ತು. ಗಂಡುಮಕ್ಕಳಿಲ್ಲದ ಮನೆ ಅಳಿಯನನ್ನೇ ಮಗನಂತೆ ಮನೆಯಲ್ಲಿಟ್ಟುಕೊಳ್ಳುತ್ತಿತ್ತು. ಬಳ್ಳಾರಿ, ಕರ್ನೂಲು ಸೀಮೆಯ ರೆಡ್ಡಿ ಕುಟುಂಬಗಳ ಈ ‘ಇಲ್ಲಟಂ’ ಪದ್ಧತಿಗೆ ಮದ್ರಾಸ್ ಹೈಕೋರ್ಟು 19ನೇ ಶತಮಾನದಲ್ಲೇ ಮಾನ್ಯತೆ ಕೊಟ್ಟಿತ್ತು. ಮಗಳನ್ನು ದೇವರಿಗೆ ಒಪ್ಪಿಸಿ ಬಸವಿ ಬಿಡುವ ಪದ್ಧತಿಯಲ್ಲಿ ಆಕೆಯ ಮಕ್ಕಳು ತಾಯಿಯ ತಂದೆಯ ಮನೆತನಕ್ಕೆ ಸೇರುತ್ತಿದ್ದರು. ಹೆಣ್ಣುಮಕ್ಕಳ ಬಾಳನ್ನು ಸುಟ್ಟ ಈ ಪದ್ಧತಿಯನ್ನು ಕರ್ನಾಟಕದ 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯಿದೆ ಅಪರಾಧವೆಂದು ಸಾರಿತು. ಆ ಮಕ್ಕಳ ಸಂತಾನ ಇಂದು ಅನೇಕ ಮನೆತನಗಳಲ್ಲಿ ಬೆಳೆದು ನಿಂತಿದೆ. ಅವರ ಬೆಡಗು ಯಾರ ಬೆಡಗಿಗೂ ಕಡಿಮೆಯದಲ್ಲ.

ಆರೋಗ್ಯಕ್ಕೆ ಸಂಬಂಧಿಸಿದ ತಿಳಿವು

ವಂಶದ ಲೆಕ್ಕ ಆಸ್ಪತ್ರೆಯಲ್ಲಿ ಉಪಯೋಗಕ್ಕೆ ಬರುತ್ತದೆ. 2017ರಲ್ಲಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ 2,800ಕ್ಕೂ ಹೆಚ್ಚು ಜನರನ್ನು ಒಳಗೊಂಡ ಅಧ್ಯಯನ, ಹಲವು ಸಮುದಾಯಗಳು ಹಿಂದೆಂದೋ ಕೆಲವೇ ಕುಟುಂಬಗಳಿಂದ ಬೆಳೆದವು ಎಂದು ತೋರಿಸಿತು. ಅಂಥ ಸಮುದಾಯಗಳಲ್ಲಿ ಕೆಲವು ಅಪರೂಪದ ಆನುವಂಶಿಕ ದೋಷಗಳು ಹೆಚ್ಚಾಗಿ ಕಾಣಿಸುತ್ತವೆ. ಆಂಧ್ರ, ತೆಲಂಗಾಣದ ವೈಶ್ಯರಲ್ಲಿ ಬ್ಯುಟಿರೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವದ ಕೊರತೆ ಇತರರಿಗಿಂತ ಬಹಳ ಹೆಚ್ಚು. ಇಂಥವರಿಗೆ ಅರಿವಳಿಕೆಯ ಜೊತೆ ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧಿ ಬೇಗ ಇಳಿಯುವುದಿಲ್ಲ, ಉಸಿರಾಟ ತಡವಾಗಿ ಮರಳುತ್ತದೆ. ಮನೆಯಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ಶಸ್ತ್ರಚಿಕಿತ್ಸೆಗೆ ಮೊದಲು ಅರಿವಳಿಕೆ ವೈದ್ಯರಿಗೆ ಹೇಳುವುದು ಜೀವ ಉಳಿಸುವ ಮಾತು.

ಬೆಡಗಿನ ನಿಯಮಕ್ಕೂ ಒಂದು ಮಿತಿಯಿದೆ. ಅದು ತಂದೆಯ ಸಾಲನ್ನು ಮಾತ್ರ ಎಣಿಸುತ್ತದೆ. ಸೋದರಮಾವನಿಗೂ ಅಕ್ಕನ ಮಗಳಿಗೂ ಬೆಡಗು ಬೇರೆ, ಆದ್ದರಿಂದ ಮದುವೆಗೆ ರೂಢಿಯ ಅಡ್ಡಿಯಿಲ್ಲ. ಡಿಎನ್‌ಎ ಲೆಕ್ಕದಲ್ಲಿ ಅವರು ಸರಾಸರಿ ನಾಲ್ಕನೇ ಒಂದು ಭಾಗ ಹಂಚಿಕೊಂಡವರು. ಅತ್ತೆ, ಮಾವನ ಮಕ್ಕಳು ಹಂಚಿಕೊಳ್ಳುವುದು ಎಂಟನೇ ಒಂದು ಭಾಗ. ಮೂರು ಊರು ದಾಟಿ ಸಿಕ್ಕ ಅದೇ ಬೆಡಗಿನ ಅಪರಿಚಿತನಿಗಿಂತ ಇವರು ರಕ್ತದಲ್ಲಿ ಎಷ್ಟೋ ಹತ್ತಿರ. ಇಂಥ ಸಂಬಂಧ ಕೂಡಿಸುವ ಮೊದಲು ವೈದ್ಯರ ಸಲಹೆ ಪಡೆಯುವುದು ವಿವೇಕ.

ಇಂದಿನ ಸ್ಥಿತಿ

ಬಾದನಹಟ್ಟಿಯಿಂದ ಹೊರಟ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಬಳ್ಳಾರಿಯ ಶಾಲೆಯಲ್ಲಿ ಹಿರಿಯ ಮಗ ಬಿ. ದೊಡ್ಡಬಸಪ್ಪ, ಆ ‘ಬಿ’ ಎಂದರೆ ಬಾದನಹಟ್ಟಿ. ಹುಬ್ಬಳ್ಳಿಗೆ ಹೋದ ತಮ್ಮ ಪಂಪಾಪತಿ ಬಾದನಹಟ್ಟಿ ಆಗುತ್ತಾನೆ. ಬೆಂಗಳೂರಿನಲ್ಲಿ ಹುಟ್ಟಿದ ಮೊಮ್ಮಗಳು ತಂದೆಯ ಹೆಸರನ್ನು ಕೊನೆಗೆ ಸೇರಿಸಿಕೊಳ್ಳುತ್ತಾಳೆ. ಪಾಸ್‌ಪೋರ್ಟಿನ ಕೊನೆಯ ಹೆಸರಿನ ಅಂಕಣ ತುಂಬಲು ಅಮೆರಿಕದಲ್ಲಿರುವ ಮೊಮ್ಮಗ ದೊಡ್ಡಬಸಪ್ಪ ಎಂಬುದನ್ನೇ ಅಡ್ಡಹೆಸರಾಗಿ ಬರೆಯುತ್ತಾನೆ. ಎರಡೇ ತಲೆಮಾರಿನಲ್ಲಿ ಒಂದು ಮನೆಗೆ ನಾಲ್ಕು ಹೆಸರು. ನೂರು ವರ್ಷಗಳ ನಂತರ ದಾಖಲೆ ನೋಡುವವರಿಗೆ ಇವರೆಲ್ಲ ಒಂದೇ ಒಲೆಯ ಅನ್ನ ಉಂಡವರು ಎಂದು ತಿಳಿಯುವುದು ಬೆಡಗು, ಮನೆದೇವರು, ಮೂಲ ಊರು ಈ ಮೂರನ್ನು ಯಾರಾದರೂ ಬರೆದಿಟ್ಟಿದ್ದರೆ ಮಾತ್ರ.

ಹೆಳವರ ಬರವು ಕಡಿಮೆಯಾಗುತ್ತಿರುವ ಈ ದಿನಗಳಲ್ಲಿ ಆ ಕೆಲಸ ಮನೆಯವರ ಮೇಲೇ ಬಿದ್ದಿದೆ. ಅಡ್ಡಹೆಸರು, ಬೆಡಗು, ಹೆಳವರ ಪುಸ್ತಕ ಮೂರೂ ಕೈಬಿಟ್ಟದ್ದು ಹೆಣ್ಣುಮಕ್ಕಳ ಸಾಲನ್ನು. ಡಿಎನ್‌ಎಯ ಅರ್ಧ ಬಂದದ್ದು ಅವರಿಂದಲೇ. ಆದ್ದರಿಂದ ಮನೆಯಲ್ಲಿ ಹಿರಿಯರು ಇರುವಾಗಲೇ ಒಂದು ನೋಟುಪುಸ್ತಕ ತೆಗೆದುಕೊಂಡು ಅಜ್ಜ, ಮುತ್ತಜ್ಜಂದಿರ ಹೆಸರಿನ ಜೊತೆಗೆ ಅಜ್ಜಿಯ ಹೆಸರು, ಅಜ್ಜಿಯ ತವರೂರು, ಅಜ್ಜಿಯ ತಾಯಿಯ ತವರೂರು ಕೇಳಿ ಬರೆದಿಡಿ.